ಕತ್ತು ನೋಯದೆ ನೋಡಿದ ಸಿಸ್ಟೀನ್ ಚಾವಣಿ

ಸಿಸ್ಟೀನ್ ಚಾಪೆಲ್ ಎಂಬ ಕ್ರೈಸ್ತ ಪ್ರಾರ್ಥನಾ ಮಂದಿರದ ಚಿತ್ರಗಳನ್ನು ದೊಡ್ಡ ದೊಡ್ಡ ನಕಲು ಮಾಡಿ ಊರಿಂದೂರಿಗೆ ಒಯ್ದು ತೋರಿಸುವ ಪ್ರದರ್ಶನ ಇದೆಯಲ್ಲ, ಅದಕ್ಕೆ ಹೋಗುವವರಿಗೆ ಈ ಟಿಪ್ಪಣಿ. ನಾನು ಮೊದಲ ಸುತ್ತು ಸುಮ್ನೆ ಬಾಯಿ ಬಿಟ್ಟುಕೊಂಡು ನೋಡಿದೆ, ತಲೆಗೇನೂ ಹತ್ತಲಿಲ್ಲ. ಎರಡನೇ ಸುತ್ತಿಗೆ ಒಂದೇ ಪ್ರಶ್ನೆ ಇಟ್ಟುಕೊಂಡೆ: ಈ ಚಿತ್ರ ನಿಜವಾಗಿ ಇರುವುದು ಎಲ್ಲಿ?

ವ್ಯಾಟಿಕನ್‌ನಲ್ಲಿ, ಚಾಪೆಲ್ಲಿನ ಚಾವಣಿಯಲ್ಲಿ, ನೆಲದಿಂದ ಸುಮಾರು 20 ಮೀಟರ್ ಮೇಲೆ. ಇಟಲಿಯ ಕಲಾವಿದ ಮೈಕೆಲ್‌ಏಂಜೆಲೊ 1508ರಿಂದ 1512ರವರೆಗೆ ಸಾರವೆ ಮೇಲೆ ಬರೆದದ್ದು. ಮಲಗಿಕೊಂಡು ಬರೆದ ಅನ್ನುವುದು ಕಟ್ಟುಕತೆ. ನಿಂತೇ ಬರೆದ, ಕತ್ತು ಹಿಂದಕ್ಕೆ ಬಾಗಿಸಿ. ಮುಖದ ಮೇಲೆ ಬಣ್ಣ ತೊಟ್ಟಿಕ್ಕುತ್ತದೆ ಅಂತ ಪದ್ಯದಲ್ಲಿ ಗೊಣಗಿಯೂ ಇದ್ದಾನೆ!

ಈಗ ಬೈಬಲ್ ಕತೆಯ 'ಜಲಪ್ರಳಯ'ದ ಮುಂದೆ ನಿಲ್ಲಿ. ಜನವೋ ಜನ. ಒಬ್ಬಳು ಸ್ಟೂಲನ್ನು ಮಗುಚಿ, ಅದರಲ್ಲಿ ಪಾತ್ರೆ ಪಗಡೆ ತುಂಬಿ ತಲೆ ಮೇಲೆ ಹೊತ್ತಿದ್ದಾಳೆ. ನಕಲಿನಲ್ಲಿ ಅವಳು ಕಣ್ಣೆದುರೇ ಇದ್ದಾಳೆ. ಅಲ್ಲಿ, ಚಾಪೆಲ್ ನೆಲದಿಂದ, ಅವಳನ್ನು ಹುಡುಕಬೇಕು.

ಆಮೇಲೆ 'ಆದಾಮನ ಸೃಷ್ಟಿ'ಗೆ ಬನ್ನಿ. ಜನ ಕಡಿಮೆ, ಆಕೃತಿಗಳು ದೊಡ್ಡವು. ಯಾಕೆ? 'ಜಲಪ್ರಳಯ'ವೂ ಸೇರಿ ಅರ್ಧ ಚಾವಣಿ ಮುಗಿದ ಮೇಲೆ ಸಾರವೆ ಬಿಚ್ಚಿದರು, 1511ರಲ್ಲಿ. ಆಗಲೇ ತನ್ನ ಕೆಲಸ ಕೆಳಗಿಂದ ಹೇಗೆ ಕಾಣುತ್ತದೆ ಅಂತ ಮೈಕೆಲ್‌ಏಂಜೆಲೊಗೆ ಸರಿಯಾಗಿ ಗೊತ್ತಾದದ್ದು. ಮತ್ತೆ ಕೆಲಸ ಹಿಡಿದಾಗ ಬರೆದದ್ದು ಈ ಆದಾಮ. ನಕಲುಗಳು ಎರಡನ್ನೂ ಒಂದೇ ದೂರಕ್ಕೆ ತಂದು ನಿಲ್ಲಿಸುತ್ತವೆ, ಹಾಗಾಗಿ ಈ ಕಾರಣವೇ ಮಾಯ.

ಇನ್ನೂ ಜಾಸ್ತಿ ಮೋಸ ಆಗುವುದು ಪ್ರವಾದಿ ಯೋನನಿಗೆ. ಅವನು ಹಿಂದಕ್ಕೆ ಒರಗಿದ್ದಾನೆ. ಆದರೆ ಬಲಿಪೀಠದ ಮೇಲಿನ ಆ ಗೋಡೆ ಬಾಗಿ ನಮ್ಮ ಕಡೆಗೆ ಬರುತ್ತದೆ. ಅಂದರೆ ಗಾರೆ ಮುಂದಕ್ಕೆ, ಮೈ ಹಿಂದಕ್ಕೆ! ಆ ಕಾಲದವರೇ ಬೆರಗಾದ ಕೈಚಳಕ ಇದು. ಚಪ್ಪಟೆ ನಕಲಿನಲ್ಲಿ ಅವನು ಸುಮ್ನೆ ಕಾಲು ಚಾಚಿ ಕೂತ ಗಟ್ಟಿಮುಟ್ಟಾದ ಹುಡುಗ, ಅಷ್ಟೇ. ಅಂಗೈಯನ್ನು ಗೂಡಿನಂತೆ ಬಾಗಿಸಿ ನೋಡಿದರೆ ಸ್ವಲ್ಪ ಅಂದಾಜು ಸಿಗುತ್ತದೆ.

ನಕಲು ಗೆಲ್ಲುವ ಜಾಗವೂ ಇದೆ. ಈ ಚಾವಣಿ ಫ್ರೆಸ್ಕೊ, ಅಂದರೆ ಹಸಿ ಗಾರೆಯ ಮೇಲೆ ಬರೆದ ಚಿತ್ರ. ಗಾರೆ ಒಣಗುವ ಮೊದಲೇ ಬಣ್ಣ ಹಚ್ಚಬೇಕು. ಅದಕ್ಕೇ ಒಂದು ದಿನಕ್ಕೆ ಆಗುವಷ್ಟೇ ಗಾರೆ ಮೆತ್ತುತ್ತಿದ್ದರು. ಈ ತುಂಡಿಗೆ ಇಟಾಲಿಯನ್ನಿನಲ್ಲಿ ಜೊರ್ನಾತಾ ಅಂತಾರೆ, ನಮ್ಮಲ್ಲಿ ಒಂದಾಳಿನ ದಿನದ ಕೆಲಸ ಅಂತೀವಲ್ಲ, ಹಾಗೆ. ತುಂಡುಗಳ ನಡುವೆ ತೆಳ್ಳಗೆ ಸೇರಿಕೆಯ ಗೆರೆ ಉಳಿಯುತ್ತದೆ. ಫೋಟೊ ಒಳ್ಳೆಯದಿದ್ದರೆ ಅದು ಕೆಲವು ಕಡೆ ಕಾಣುತ್ತದೆ. ಆದಾಮನ ಮೈಯಂಚಿನ ಸುತ್ತ ಹುಡುಕಿ.