ಬಾಡಿಗೆ ಮನೆಯ ಬೂಷ್ಟು: ಮೊದಲು ನೀರಿನ ದಾರಿ ಹುಡುಕಿ

ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟಿನ ಜಡಿಮಳೆಯಲ್ಲಿ, ಮಂಗಳೂರಿನ ಬಾಡಿಗೆ ಮನೆಗಳಿಂದ ನನಗೆ ಬರುವ ಫೋನುಗಳೆಲ್ಲ ಒಂದೇ ಬಗೆಯವು. "ಗೋಡೆ ಇಡೀ ಚಂಡಿ (ಒದ್ದೆ) ಸರ್, ಕಪಾಟಿನ ಬಟ್ಟೆಗೂ ಬೂಷ್ಟು, ಓನರ್ ಕೇಳ್ತಾನೇ ಇಲ್ಲ" ಅಂತ ಬಾಡಿಗೆಯವರು. "ಅವರು ಕಿಟಕಿಯೇ ತೆಗೆಯುವುದಿಲ್ಲ, ಬಟ್ಟೆ ಒಳಗೇ ಒಣಗಿಸ್ತಾರೆ" ಅಂತ ಓನರ್. ಸಿವಿಲ್ ಇಂಜಿನಿಯರ್ ಆಗಿ ನಾನು ಇಬ್ಬರಿಗೂ ಹೇಳುವುದು ಇಷ್ಟೇ: ಖರ್ಚು ಯಾರದ್ದು ಎಂದು ಜಗಳಕ್ಕಿಳಿಯುವ ಮೊದಲು ನೀರು ಎಲ್ಲಿಂದ ಬರುತ್ತಿದೆ ನೋಡಿ.

ಬೂಷ್ಟು ಎದ್ದ ಜಾಗವೇ ಹೆಚ್ಚಿನ ಸಲ ಕಾರಣ ಹೇಳಿಬಿಡುತ್ತದೆ. ಸೀಲಿಂಗಿನಲ್ಲಿದ್ದರೆ ತಾರಸಿ, ಇಲ್ಲವೇ ಮೇಲಿನ ಮನೆಯ ಬಾತ್‌ರೂಮು. ಪಶ್ಚಿಮದ ಗೋಡೆಯಲ್ಲಿದ್ದರೆ ಹೊರಗಿನ ಪ್ಲಾಸ್ಟರ್ ಬಿರುಕು ಬಿಟ್ಟಿರುತ್ತದೆ. ನಮ್ಮಲ್ಲಿ ಮಳೆ ಕಡಲ ಕಡೆಯಿಂದ ಗಾಳಿ ಸಮೇತ ಬಡಿಯುವುದರಿಂದ ಆ ಗೋಡೆಗೇ ಪೆಟ್ಟು ಜಾಸ್ತಿ. ನೆಲದಿಂದ ಎರಡು ಮೂರು ಅಡಿವರೆಗೆ ಮಾತ್ರ ಪಸೆ ಏರಿದ್ದರೆ ಅಡಿಪಾಯದ ನೀರಿರಬಹುದು. ಕೆಂಪುಕಲ್ಲು ನೀರು ಹೀರುತ್ತದೆ, ಹಳೇ ಮನೆಗಳಲ್ಲಿ ಇದು ಮಾಮೂಲಿ. ಇವೆಲ್ಲ ಕಟ್ಟಡದ್ದೇ ತೊಂದರೆ. ಬಾಡಿಗೆಯವರು ಎಷ್ಟು ಒರೆಸಿದರೂ ಹೋಗುವುದಿಲ್ಲ.

ಗೋಡೆ ಒಣಗಿಯೇ ಇದ್ದು, ಕಪಾಟಿನ ಹಿಂದೆ, ಚಪ್ಪಲಿ ಬೆಲ್ಟುಗಳ ಮೇಲೆ ಮಾತ್ರ ಬೂಷ್ಟು ಹಿಡಿದಿದ್ದರೆ ಗಾಳಿಯಾಡುತ್ತಿಲ್ಲ ಎಂದರ್ಥ. ಇದು ಬಾಡಿಗೆಯವರ ಕೈಯಲ್ಲೇ ಇದೆ. ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ಈಚೆ ಎಳೆಯಿರಿ, ಮಳೆ ಬಿಟ್ಟಾಗ ಎದುರುಬದುರಿನ ಕಿಟಕಿ ತೆಗೆಯಿರಿ, ಬಟ್ಟೆ ಒಣಗಿಸುವ ಕೋಣೆಗೆ ಫ್ಯಾನ್ ಹಾಕಿ.

ಬಿಜೈ ಕಡೆಯ ಒಂದು ಫ್ಲ್ಯಾಟಿನಲ್ಲಿ ಬೆಡ್‌ರೂಮಿನ ಗೋಡೆ ನೋಡಲು ಕರೆದಿದ್ದರು. ಮಂಚದ ತಲೆ ಕಡೆ ಸೊಂಟದೆತ್ತರಕ್ಕೆ ಕಪ್ಪು ಚುಕ್ಕೆಗಳು, ಅದರ ಕೆಳಗೆ ಪುಟ್ಟಿ ಹಪ್ಪಳದಂತೆ ಉಬ್ಬಿತ್ತು. ಉಗುರು ತಾಗಿಸಿದರೆ ಉದುರುತ್ತಿತ್ತು. ಬೂಷ್ಟು ಹಿಡಿಯದ ಪೈಂಟ್ ಎಂದು ಓನರ್ ಅದಾಗಲೇ ದುಡ್ಡು ಸುರಿದಿದ್ದರು. ಕಲೆಯ ಪಕ್ಕದಲ್ಲಿ, ಪೈಂಟ್ ಇನ್ನೂ ಗಟ್ಟಿ ಇದ್ದಲ್ಲಿ, ಅಡುಗೆಮನೆಯ ಫಾಯಿಲ್ ತುಂಡೊಂದನ್ನು ಇಟ್ಟು ನಾಲ್ಕೂ ಬದಿ ಟೇಪ್ ಹಚ್ಚಿದೆವು. ಎರಡು ದಿನ ಬಿಟ್ಟು ತೆಗೆದಾಗ ಗೋಡೆ ಕಡೆಗೆ ನೀರಿನ ಹನಿ. ಕೋಣೆ ಕಡೆಗೆ ಹನಿ ಇದ್ದಿದ್ದರೆ ಅದು ಕೋಣೆಯ ಗಾಳಿಯ ತೇವ ಎನ್ನಬಹುದಿತ್ತು. ಗೋಡೆಯಾಚೆ ಬಾತ್‌ರೂಮು, ಶವರ್ ಪೈಪಿನ ಜಾಯಿಂಟು ಸೋರುತ್ತಿತ್ತು. ಆ ಕೋಣೆಯಲ್ಲಿ ಮಲಗುತ್ತಿದ್ದ ಮಗುವಿಗೆ ಉಬ್ಬಸ ಇತ್ತು. ಪೈಪಿನ ಮಾತಿಗಿಂತ ಮೊದಲು, ಮಗುವನ್ನು ಇವತ್ತೇ ಬೇರೆ ಕೋಣೆಯಲ್ಲಿ ಮಲಗಿಸಿ ಎಂದೆ.

ಬೂಷ್ಟನ್ನು ಒಣಗಿದ ಪೊರಕೆಯಿಂದ ಗುಡಿಸಬೇಡಿ, ಮನೆಯಿಡೀ ಹರಡುತ್ತದೆ. ಮಾಸ್ಕ್, ಗ್ಲೌಸ್ ಹಾಕಿ, ಸಾಬೂನು ನೀರಿನ ಬಟ್ಟೆಯಲ್ಲಿ ಒರೆಸಿ ಒಣಗಲು ಬಿಡಿ. ಬ್ಲೀಚಿಂಗ್ ಜೊತೆ ಟಾಯ್ಲೆಟ್ ಕ್ಲೀನರ್, ಆಸಿಡ್, ವಿನೆಗರ್ ಯಾವುದನ್ನೂ ಸೇರಿಸಬೇಡಿ. ಕ್ಲೋರಿನ್ ಗ್ಯಾಸ್ ಏಳುತ್ತದೆ, ಮುಚ್ಚಿದ ಬಾತ್‌ರೂಮಿನಲ್ಲಿ ಜೀವಕ್ಕೇ ಅಪಾಯ.

ಇನ್ನು ಕಾನೂನು. ತಿಂಗಳ ಬಾಡಿಗೆ 3,500 ರೂಪಾಯಿ ದಾಟಿದ ಮನೆಗಳು 1999ರ ಕರ್ನಾಟಕ ಬಾಡಿಗೆ ಕಾಯ್ದೆಯ ಹೊರಗೆ. ಹಾಗಾಗಿ ಈಗಿನ ಹೆಚ್ಚಿನ ಮನೆಗಳಿಗೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯನ್ನೇ ನೋಡಬೇಕು. ಅದರ 108ನೇ ಸೆಕ್ಷನ್ ಪ್ರಕಾರ, ಓನರ್ ಮಾಡಿಸಲೇಬೇಕಾದ ರಿಪೇರಿಯನ್ನು ನೋಟಿಸ್ ಕೊಟ್ಟ ಮೇಲೂ ಸಕಾಲದಲ್ಲಿ ಮಾಡಿಸದಿದ್ದರೆ, ಬಾಡಿಗೆಯವರೇ ಮಾಡಿಸಿ ಖರ್ಚನ್ನು ಬಡ್ಡಿ ಸಮೇತ ಬಾಡಿಗೆಯಲ್ಲಿ ಕಳೆಯಬಹುದು. ಆದರೆ ಯಾವ ರಿಪೇರಿ ಓನರದ್ದು? ಅದು ಅಗ್ರಿಮೆಂಟಿನಲ್ಲಿ ಇರಬೇಕು. ನಮ್ಮ 11 ತಿಂಗಳ ಅಗ್ರಿಮೆಂಟುಗಳಲ್ಲಿ ಬಾಡಿಗೆ, ಅಡ್ವಾನ್ಸ್ ಬಿಟ್ಟರೆ ಇಂಥದ್ದು ಇರುವುದೇ ಅಪರೂಪ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ಕಟ್ಟಡದ ರಿಪೇರಿ, ಪೈಪ್ ಬದಲಾವಣೆ, ಗೋಡೆಗೆ ಸುಣ್ಣಬಣ್ಣ ಓನರಿಗೆ, ನಲ್ಲಿಯ ವಾಷರ್, ಚರಂಡಿ ಕ್ಲೀನಿಂಗ್ ಬಾಡಿಗೆಯವರಿಗೆ ಎಂದು ಹಂಚಿದೆ. ಅದು ರಾಜ್ಯಗಳಿಗೆ ಕೊಟ್ಟ ಮಾದರಿ ಮಾತ್ರ. ಆದರೂ ಆ ಪಟ್ಟಿಯನ್ನೇ ನಿಮ್ಮ ಅಗ್ರಿಮೆಂಟಿಗೆ ಇಳಿಸಿಕೊಳ್ಳಬಹುದು ಅಲ್ವಾ? ವಕೀಲರನ್ನು ಕೇಳದೆ ಮಾತ್ರ ಸುಮ್ನೆ ಬಾಡಿಗೆ ನಿಲ್ಲಿಸಬೇಡಿ.

ಸಮಯದ ವಿಷಯದಲ್ಲಿ ಎರಡೂ ಕಡೆಯವರು ಎಡವುತ್ತಾರೆ. ಜುಲೈಯಲ್ಲಿ ಗೋಡೆಗೆ ಪೈಂಟ್ ಬಳಿಯುವುದು ದುಡ್ಡು ದಂಡ. ಒಳಗಿನ ಪೈಪನ್ನು ಯಾವಾಗ ಬೇಕಾದರೂ ಸರಿ ಮಾಡಬಹುದು, ಮಾಡಲೇಬೇಕು. ತಾರಸಿ, ಹೊರಗೋಡೆಯ ಕೆಲಸ ಮಳೆ ನಿಂತು ಗೋಡೆ ಒಣಗಿದ ಮೇಲೆ. ದೀಪಾವಳಿ ಕಳೆದರೆ ಒಳ್ಳೆಯದು. ಹಾಗೆಂದು ಅಲ್ಲಿವರೆಗೆ ಬಾಯಿ ಮುಚ್ಚಿ ಕೂರಬೇಡಿ. ಕಲೆ ಕಂಡ ದಿನವೇ ಫೋಟೋ ಸಮೇತ ವಾಟ್ಸಾಪ್ ಮಾಡಿ, ಯಾವ ತಿಂಗಳಲ್ಲಿ ಕೆಲಸ ಎಂದು ಓನರಿಂದ ಬರಹದಲ್ಲೇ ಉತ್ತರ ತೆಗೆದುಕೊಳ್ಳಿ. ಸದ್ಯಕ್ಕೆ ತಾರಸಿಗೆ ಟಾರ್ಪಾಲಾದರೂ ಬೀಳಲಿ.

ಓನರ್‌ಗಳಲ್ಲಿ ನನ್ನದೊಂದು ಮನವಿ. ಮನೆ ಬಿಡುವಾಗ ಪೈಂಟಿಂಗ್ ಎಂದು ಅಡ್ವಾನ್ಸಿನಿಂದ ಹಣ ಮುರಿಯುವ ಮೊದಲು, ಆ ಗೋಡೆ ಹಾಳಾದದ್ದು ಯಾವ ನೀರಿನಿಂದ ಎಂದು ನೋಡಿ. ನಿಮ್ಮ ತಾರಸಿಯ ನೀರಿನಿಂದಾದರೆ ಆ ಹಣ ಅವರದ್ದೇ, ಪೂರ್ತಿ ವಾಪಸ್ ಕೊಡಿ.