ನಟನ ಶವಕ್ಕೆ ಬಾಗಿಲು ತೆರೆಯದ ಚರ್ಚು

1870ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನ ಹಿರಿಯ ಹಾಸ್ಯನಟ ಜಾರ್ಜ್ ಹಾಲೆಂಡ್ ತೀರಿಕೊಂಡಾಗ, ಅವರ ಗೆಳೆಯ, ಹೆಸರಾಂತ ನಟ ಜೋಸೆಫ್ ಜೆಫರ್ಸನ್ ಅಂತ್ಯಕ್ರಿಯೆಯ ಪ್ರಾರ್ಥನೆ ನಡೆಸಿಕೊಡುವಂತೆ ಕೇಳಲು ಪಾದ್ರಿ ವಿಲಿಯಂ ಸಬೈನ್ ಅವರಲ್ಲಿಗೆ ಹೋದರು. ಸತ್ತವರು ನಟರೆಂದು ತಿಳಿದೊಡನೆ ಪಾದ್ರಿ ಒಪ್ಪಲಿಲ್ಲ. ಇಲ್ಲೇ ತಿರುವಿನಲ್ಲಿ ಒಂದು ಸಣ್ಣ ಚರ್ಚಿದೆ, ಅಲ್ಲಿ ಮಾಡಿಕೊಟ್ಟಾರು ಎಂದಷ್ಟೇ ಹೇಳಿ ಕಳುಹಿಸಿದರು.

ಈ ನಿರಾಕರಣೆ ಒಬ್ಬ ಪಾದ್ರಿಯ ಮೊಂಡುತನವಷ್ಟೇ ಆಗಿರಲಿಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತ್ಯ 1750ರಲ್ಲೇ ನಾಟಕ ಪ್ರದರ್ಶನಗಳನ್ನು ಕಾನೂನಿನಿಂದ ನಿಷೇಧಿಸಿತ್ತು. ಆ ಕಾನೂನು ಹೋದರೂ ಕಟ್ಟುನಿಟ್ಟಿನ ಕ್ರೈಸ್ತ ಪಂಗಡವಾದ ಪ್ಯೂರಿಟನ್ನರ ಧರ್ಮಬೋಧೆ ಬಿತ್ತಿದ್ದ ಸಂಶಯ ಹೋಗಲಿಲ್ಲ. 1811ರ ಡಿಸೆಂಬರ್ 26ರಂದು ರಿಚ್ಮಂಡ್‌ನ ರಂಗಮಂದಿರಕ್ಕೆ ಬೆಂಕಿ ಬಿದ್ದು, ವರ್ಜೀನಿಯಾದ ಗವರ್ನರ್ ಸೇರಿದಂತೆ 72 ಮಂದಿ ಸತ್ತರು. ಅದನ್ನು ನಾಟಕ ನೋಡಿದ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆಯೆಂದು ಅನೇಕ ಬೋಧಕರು ಸಾರಿದರು. ಸುಟ್ಟ ಜಾಗದಲ್ಲಿ ಕಟ್ಟಿದ್ದೂ ಒಂದು ಚರ್ಚನ್ನೇ.

ಆಕ್ಷೇಪಗಳೆಲ್ಲ ಬರಿಯ ಮೂಢನಂಬಿಕೆಯಾಗಿದ್ದವು ಎನ್ನುವಂತೆಯೂ ಇಲ್ಲ. ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಅನೇಕ ರಂಗಮಂದಿರಗಳ ಮೂರನೆಯ ಅಟ್ಟಣಿಗೆಯನ್ನು ವೇಶ್ಯೆಯರಿಗೆ ಬಿಟ್ಟುಕೊಟ್ಟಿದ್ದರು. ಅವರು ಬಂದುಹೋಗಲು ಬೇರೆ ಬಾಗಿಲು, ಬೇರೆ ಮೆಟ್ಟಿಲುಗಳೂ ಇದ್ದವು. ಟಿಕೆಟ್ ಮಾರಾಟ ಕುಗ್ಗೀತೆಂಬ ಭಯದಿಂದ ಮಾಲೀಕರು ಇದನ್ನು ಸಹಿಸಿಕೊಂಡರು, ಆದರೆ ಕಳಂಕ ಹೊತ್ತವರು ವೇದಿಕೆಯ ಮೇಲೆ ದುಡಿಯುತ್ತಿದ್ದ ಕಲಾವಿದರು, ಅದರಲ್ಲೂ ನಟಿಯರು. ಇದು ನನಗೆ ಇಂದಿಗೂ ನೋವಿನ ಸಂಗತಿ. ಮರ್ಯಾದಸ್ಥ ಕುಟುಂಬಗಳನ್ನು ಸೆಳೆಯಲು ಮನರಂಜನಾ ಉದ್ಯಮಿ ಪಿ. ಟಿ. ಬಾರ್ನಮ್‌ನಂಥವರು ತಮ್ಮ ರಂಗಮಂದಿರವನ್ನು 'ಉಪನ್ಯಾಸ ಸಭಾಂಗಣ'ವೆಂದು ಕರೆದು, ಅಲ್ಲಿ ಮದ್ಯಪಾನ ವಿರೋಧಿ ನಾಟಕಗಳನ್ನು ಆಡಿಸಿದರು.

1865ರ ಏಪ್ರಿಲ್ 14, ಶುಭ ಶುಕ್ರವಾರದ ರಾತ್ರಿ, ನಾಟಕ ನೋಡುತ್ತಿದ್ದ ಅಧ್ಯಕ್ಷ ಲಿಂಕನ್‌ರಿಗೆ ನಟ ಜಾನ್ ವಿಲ್ಕ್ಸ್ ಬೂತ್ ಗುಂಡಿಕ್ಕಿದಾಗ ಹಳೆಯ ದ್ವೇಷ ಮತ್ತೆ ಹೊತ್ತಿಕೊಂಡಿತು. ಕೊಲೆಗಾರನ ಅಣ್ಣ, ದೇಶದ ಶ್ರೇಷ್ಠ ನಟರಲ್ಲೊಬ್ಬರಾದ ಎಡ್ವಿನ್ ಬೂತ್, ಕೆಲವು ತಿಂಗಳು ರಂಗದಿಂದಲೇ ದೂರ ಉಳಿದರು.

ಹಾಲೆಂಡ್‌ರ ಅಂತ್ಯಕ್ರಿಯೆಯನ್ನು 29ನೇ ಬೀದಿಯ ಆ ಸಣ್ಣ ಚರ್ಚಿನ ಪಾದ್ರಿ ಜಾರ್ಜ್ ಹೌಟನ್ ನಡೆಸಿಕೊಟ್ಟರು. ಸುದ್ದಿ ಪತ್ರಿಕೆಗಳಲ್ಲಿ ಹಬ್ಬಿದಾಗ ಜನರ ಸಿಟ್ಟು ನಟರ ಮೇಲಲ್ಲ, ಬಾಗಿಲು ತೆರೆಯದ ಪಾದ್ರಿಯ ಮೇಲೆ ತಿರುಗಿತು. ನಿರ್ಗತಿಕ ಕಲಾವಿದರ ನೆರವಿಗೆ 1882ರಲ್ಲಿ ನಿಧಿಯೊಂದು ಹುಟ್ಟಿಕೊಂಡಿತು. 1893ರಲ್ಲಿ ಎಡ್ವಿನ್ ಬೂತ್ ತೀರಿಕೊಂಡಾಗ ಅವರ ಶವಪೆಟ್ಟಿಗೆಯನ್ನು ತಂದದ್ದೂ ಅದೇ ಸಣ್ಣ ಚರ್ಚಿಗೆ.