ಕಣ್ಣಿಗೆ ಕಾಣದ ಧೂಳಿನ ಲೆಕ್ಕ

ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಪರ್ಸಿ ಕಲ್ಲಿನ ಶೆಡ್ಡಿನಲ್ಲಿ ದಿನವಿಡೀ ಒಣ ಗ್ರೈಂಡರ್ ಹಿಡಿದು ಅಂಚು ಸವರಿದವನ ಹುಬ್ಬು, ಮೀಸೆಗಳೆಲ್ಲ ಸಂಜೆಯ ಹೊತ್ತಿಗೆ ಬೂದುಬಣ್ಣಕ್ಕೆ ತಿರುಗಿರುತ್ತವೆ. ಮೂಗಿಗೆ ಕಟ್ಟಿಕೊಂಡಿದ್ದ ಟವೆಲ್ಲನ್ನು ಝಾಡಿಸಿದಾಗ ಏಳುವ ಧೂಳನ್ನು ಕಂಡು, ಇಷ್ಟಾದರೂ ಹೊರಗೇ ಉಳಿಯಿತಲ್ಲ ಎಂದು ಸಮಾಧಾನಪಡುವುದು ಸಹಜವೇ. ಆದರೆ ಹಾಗೆ ಉಳಿದದ್ದು ದಪ್ಪ ಧೂಳು; ಅದನ್ನು ಮೂಗೂ ತಡೆಯುತ್ತಿತ್ತು. ಶ್ವಾಸಕೋಶದ ತಳ ಮುಟ್ಟುವುದು ಸುಮಾರು ನಾಲ್ಕೈದು ಮೈಕ್ರಾನಿಗಿಂತ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಸಣ್ಣ ಕಣ, ಅದು ಕಣ್ಣಿಗೆ ಬೀಳುವಂಥದ್ದಲ್ಲ.

ಈ ಕಣ ಒಳಗೆ ಎಲ್ಲಿ ಕೂರುತ್ತದೆ ಎಂಬುದನ್ನು ಮೊದಲು ಗಣಿತಕ್ಕೆ ಇಳಿಸಿದವರು ಜರ್ಮನಿಯ ಫಿಂಡೈಸನ್, 1935ರಲ್ಲಿ. ಮೋಡದಲ್ಲಿ ಮಳೆಹನಿ ಹುಟ್ಟುವ ಬಗೆಯನ್ನು ವಿವರಿಸಿದವರಲ್ಲಿ ಒಬ್ಬರಾದ ಹವಾಮಾನ ವಿಜ್ಞಾನಿಯೂ ಇವರೇ. ಉಸಿರಿನ ದಾರಿಯನ್ನು ಅವರು ಒಂಬತ್ತು ಭಾಗ ಮಾಡಿಕೊಂಡರು. ದೊಡ್ಡ ಕಣ ತಿರುವಿನಲ್ಲಿ ತಿರುಗಲಾರದೆ ಗೋಡೆಗೆ ಬಡಿಯುತ್ತದೆ, ನಡುವಿನ ಗಾತ್ರದ್ದು ಕಿರುನಾಳಗಳಲ್ಲಿ ತನ್ನ ತೂಕಕ್ಕೆ ತಾನೇ ಇಳಿಯುತ್ತದೆ, ಅತಿ ಸಣ್ಣದು ಗಾಳಿಯ ಅಣುಗಳ ತಳ್ಳಾಟಕ್ಕೆ ಸಿಕ್ಕಿ ಅತ್ತಿತ್ತ ಅಲೆದು ಅಂಟಿಕೊಳ್ಳುತ್ತದೆ. ಇಲ್ಲಿ ಗಾತ್ರದಷ್ಟೇ ಸಾಂದ್ರತೆಯೂ ಮುಖ್ಯ: ಮೂರು ಮೈಕ್ರಾನಿನ ಕಲ್ಲಿನ ಕಣ ಗಾಳಿಯಲ್ಲಿ ಸುಮಾರು ಐದು ಮೈಕ್ರಾನಿನ ನೀರಹನಿಯಂತೆ ವರ್ತಿಸುತ್ತದೆ. ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆಗಳ ಕುರಿತ 1959ರ ಜೊಹಾನ್ಸ್‌ಬರ್ಗ್ ಸಮ್ಮೇಳನ ಒಳಗಿಳಿಯುವ ಧೂಳನ್ನು ಪ್ರತ್ಯೇಕವಾಗಿ ಅಳೆಯುವ ಪರಿಪಾಠ ಕಟ್ಟಿತು. 1963ರಲ್ಲಿ ಅಂಗರಚನಾ ವಿಜ್ಞಾನಿ ವೈಬೆಲ್, ಶ್ವಾಸನಾಳ 23 ಸಲ ಕವಲೊಡೆದು ಸುಮಾರು 30 ಕೋಟಿ ಗಾಳಿಚೀಲಗಳಲ್ಲಿ ಮುಗಿಯುವ ನಕ್ಷೆ ಕೊಟ್ಟರು.

ಕಣ ಎಲ್ಲಿ ಎಷ್ಟು ಕೂರುತ್ತದೆ ಎಂದು ಲೆಕ್ಕ ಹಾಕುವ, ಹೆಚ್ಚು ಬಳಕೆಯಲ್ಲಿರುವ ಮಾದರಿಗಳಲ್ಲೊಂದು ಬಂದದ್ದು, ವಿಚಿತ್ರವೆಂದರೆ, ಕಲ್ಲಿನ ಚಿಂತೆಯಿಂದಲ್ಲ, ವಿಕಿರಣದ ಚಿಂತೆಯಿಂದ. ಅಂತರರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗ 1994ರಲ್ಲಿ ಹೊರತಂದ ಮಾದರಿಯಲ್ಲಿ ಲೆಕ್ಕಕ್ಕೆಂದು ಕಲ್ಪಿಸಿಕೊಂಡ ‘ಪ್ರಮಾಣ ಕಾರ್ಮಿಕ’ ತನ್ನ ಎಂಟು ಗಂಟೆಯ ಪಾಳಿಯಲ್ಲಿ ಎರಡೂವರೆ ಗಂಟೆ ಕುಳಿತೇ ಇರುತ್ತಾನೆ, ಉಳಿದ ಅವಧಿಯಲ್ಲಿ ಹಗುರ ಕೆಲಸ ಮಾಡುತ್ತಾನೆ. ಸರಾಸರಿ ಗಂಟೆಗೆ 1.2 ಘನಮೀಟರ್ ಗಾಳಿ ಸೇದುತ್ತಾನೆ. ಭಾರದ ಕೆಲಸಕ್ಕೆ ಅದೇ ಮಾದರಿ ಇಟ್ಟಿರುವ ಲೆಕ್ಕ ಗಂಟೆಗೆ 3 ಘನಮೀಟರ್. ಚಿತ್ತಾಪುರದ ಕಡೆಯ ಖಣಿಯಲ್ಲಿ ಹಾರೆ ಹಾಕಿ ಪದರ ಎಬ್ಬಿಸುವವನು ಏದುಸಿರು ಬಿಡುತ್ತ ಬಾಯಿಂದಲೇ ಉಸಿರಾಡುತ್ತಾನೆ, ಹೀಗಾಗಿ ಮೂಗೆಂಬ ಜರಡಿಯೂ ಅವನ ಪಾಲಿಗೆ ಇಲ್ಲವಾಗುತ್ತದೆ. ಮಾದರಿಯಲ್ಲಿ ಇದಕ್ಕೂ ಅಂಕಿಗಳಿವೆ. ಯಾವ ಅಂಕಿಯನ್ನು ತುಂಬುತ್ತೇವೆ ಎಂಬುದರಲ್ಲೇ ಎಲ್ಲ ಅಡಗಿದೆ.

ಕೂತ ಕಣ ಅಲ್ಲೇ ಉಳಿಯುತ್ತದೆಯೇ ಎಂಬುದು ಬೇರೆ ಪ್ರಶ್ನೆ. ಮೇಲಿನ ನಾಳಗಳಲ್ಲಿ ಅಂಟಿದ್ದರಲ್ಲಿ ಬಹುಪಾಲು ಒಂದೆರಡು ದಿನದಲ್ಲಿ ಕಫದೊಡನೆ ಮೇಲೇರುತ್ತದೆ. ಗಾಳಿಚೀಲಕ್ಕೆ ಇಳಿದದ್ದು ತಿಂಗಳು, ವರ್ಷಗಟ್ಟಲೆ ನಿಲ್ಲುತ್ತದೆ. ಸುಣ್ಣದ ಅಂಶ ಕ್ರಮೇಣ ಕರಗೀತು, ಆದರೆ ಶ್ವಾಸಕೋಶವನ್ನು ಕೆಡಿಸುವ ಕಲ್ಲಿನ ಅಂಶವಾದ ಸ್ಫಟಿಕ ಸಿಲಿಕಾ ಕರಗುವುದು ಇಲ್ಲವೆನ್ನುವಷ್ಟು ನಿಧಾನ. ಆದ್ದರಿಂದಲೇ 2025ರವರೆಗೆ ಜಾರಿಯಲ್ಲಿದ್ದ ಕಾರ್ಖಾನೆ ಕಾಯ್ದೆಯ ಎರಡನೇ ಅನುಸೂಚಿಯಲ್ಲಿ ಒಂದೇ ಮಿತಿಯ ಬದಲು ಸೂತ್ರವಿತ್ತು: ಒಳಗಿಳಿಯುವ ಧೂಳಿನಲ್ಲಿರುವ ಸಿಲಿಕಾದ ಶೇಕಡಾವಾರಿಗೆ 2 ಸೇರಿಸಿ, ಅದರಿಂದ 10ನ್ನು ಭಾಗಿಸಿದರೆ ಘನಮೀಟರ್ ಗಾಳಿಯಲ್ಲಿ ಅಂಥ ಧೂಳು ಎಷ್ಟು ಮಿಲಿಗ್ರಾಂ ಮೀರಬಾರದು ಎಂದು ಸಿಗುತ್ತದೆ. ಶೇಕಡಾ 3 ಇದ್ದರೆ 2 ಮಿಲಿಗ್ರಾಂ, ಶೇಕಡಾ 18 ಇದ್ದರೆ ಅರ್ಧ ಮಿಲಿಗ್ರಾಂ. ಶಹಾಬಾದಿನ ಸುಣ್ಣಕಲ್ಲಿನಲ್ಲಿ ಸಿಲಿಕಾ ಪದರದಿಂದ ಪದರಕ್ಕೆ ಬದಲಾಗುತ್ತದೆ, ಸಿಲಿಕಾ ಹೆಚ್ಚಿರುವ ಯಾದಗಿರಿಯ ಗ್ರಾನೈಟಿನ ಮಾತೇ ಬೇರೆ. ಹೀಗಿರುವಾಗ ‘ನಮ್ಮದು ಸುಣ್ಣಕಲ್ಲು, ಏನೂ ಆಗುವುದಿಲ್ಲ’ ಎಂಬ ಮಾತನ್ನು ಅಳೆಯದೆ ಒಪ್ಪುವುದು ಕಷ್ಟ.

ನೀರು ಬಿಟ್ಟು ಕೊಯ್ದರೆ ಧೂಳು ಬಹಳವೇ ತಗ್ಗುತ್ತದೆ. ಆ ಕೆಸರನ್ನು ಶೆಡ್ಡಿನ ಪಕ್ಕಕ್ಕೇ ಸುರಿಯುತ್ತಾರೆ. ಏಪ್ರಿಲ್ ಬಿಸಿಲಿಗೆ ಅದು ಒಣಗಿ ಹಿಟ್ಟಾಗಿರುತ್ತದೆ, ಟ್ರ್ಯಾಕ್ಟರ್ ಹಾದುಹೋದಾಗಲೆಲ್ಲ ಮತ್ತೆ ಏಳುತ್ತದೆ.